ಗಡಿಯಂಚಿನ ಬಡಾವಣೆಯಲ್ಲಿ ಮನೆ ಮಾಡಿದ ಮಗಳಿಗೆ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಹೊಸೂರಿನ ಬಡಾವಣೆಯಲ್ಲಿ ಮನೆ ಕೊಂಡು ಮೂರು ವರ್ಷವಾದರೂ ಅಕ್ಕಪಕ್ಕದವರು ನಿಮ್ಮನ್ನು ‘ಬೆಂಗಳೂರಿನವರು’ ಎನ್ನುತ್ತಾರೆ, ಎಲೆಕ್ಟ್ರಾನಿಕ್ ಸಿಟಿಯ ನಿನ್ನ ಕಚೇರಿಯಲ್ಲಿ ‘ಹೊಸೂರಿನವರು’ ಎನ್ನುತ್ತಾರೆ ಎಂದು ಬರೆದಿದ್ದೀಯೆ. ಶಾಲೆಯಲ್ಲಿ ‘ನಿನ್ನ ಊರು ಯಾವುದು’ ಎಂದು ಕೇಳಿದಾಗ ಪುಟ್ಟಿ ಉತ್ತರ ಹೇಳಲಾರದೆ ನಿಂತಳೆಂಬ ಸಾಲನ್ನು ಓದಿದ ಮೇಲೆ ಎರಡು ದಿನ ನನ್ನ ಮನಸ್ಸು ಅಲ್ಲಿಯೇ ಸುತ್ತುತ್ತಿತ್ತು. ಆನೇಕಲ್ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಈ ಪ್ರಶ್ನೆ ಹೊಸದಲ್ಲ. ಆದರೂ ನಮ್ಮ ಮನೆಯ ಮಗು ಅದರ ಮುಂದೆ ತಬ್ಬಿಬ್ಬಾಯಿತೆಂದಾಗ ಸಂಕಟವಾಯಿತು.

ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಒಂದು ವರ್ಷ ದಾಖಲಾತಿ ಪುಸ್ತಕ ತುಂಬುವಾಗ ಹುಡುಗನೊಬ್ಬನಿಗೆ ಮಾತೃಭಾಷೆ ಯಾವುದೆಂದು ಕೇಳಿದೆ. ಅವನ ತಂದೆಯದು ತೆಲುಗು, ತಾಯಿಯದು ತಮಿಳು, ಓರಗೆಯವರೊಡನೆ ಅವನು ಆಡುತ್ತಿದ್ದುದು ಕನ್ನಡ. ‘ಯಾವುದು ಹೇಳ್ಲಿ ಸಾರ್’ ಎಂದು ಅವನು ಕೇಳಿದಾಗ, ಇರುವುದು ಒಂದೇ ಕಾಲಂ, ಬೇಗ ಹೇಳು ಎಂದು ಗದರಿಸಿದೆ. ಅವನು ಹೆದರಿ ಕನ್ನಡ ಎಂದ. ನಾನು ಸಂತೋಷದಿಂದ ಬರೆದುಕೊಂಡೆ. ಅವನ ತಾಯಿಯ ಭಾಷೆಯನ್ನು ಅವನ ಬಾಯಿಂದಲೇ ಅಲ್ಲಗಳೆಯಿಸಿದೆನೆಂಬುದು ನನಗೆ ಅರಿವಾಗಲು ಬಹಳ ಕಾಲ ಹಿಡಿಯಿತು. ಪುಟ್ಟಿಯ ಮೌನವನ್ನು ಓದಿದಾಗ ನೆನಪಾದವನು ಆ ಹುಡುಗನೇ.

ಅತ್ತಿಬೆಲೆ ದಾಟಿ ಜೂಜುವಾಡಿಗೆ ಕಾಲಿಡುವಾಗ ನೀನು ದಿನವೂ ಹಾಯುವ ಆ ಗೆರೆಯನ್ನು ಯಾರೂ ಭಾಷೆ ನೋಡಿ ಎಳೆಯಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ನಡೆದ ಹಂಚಿಕೆಯಲ್ಲಿ ಹೊಸೂರು ಕಂಪನಿ ಸರ್ಕಾರಕ್ಕೂ ಆನೇಕಲ್ ಮೈಸೂರಿನ ಅರಸರಿಗೂ ಸೇರಿದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಹೆಸರು ಮಾತ್ರ ಇಂದಿಗೂ ಅಚ್ಚ ಕನ್ನಡದ ‘ಹೊಸ ಊರು’. ಇತ್ತ ಬೆಂಗಳೂರಿನ ದೊಮ್ಮಲೂರಿನ ದೇವಸ್ಥಾನದಲ್ಲಿ ತಮಿಳು ಶಾಸನಗಳಿವೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಓದಲು ಬಂದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ನೀನು ಓಡಾಡುವ ದಾರಿ ಹಳೆಯದು, ಮಗಳೇ.

ಎರಡು ಭಾಷೆಗಳ ನಡುವೆ ಬದುಕುವವರು ಯಾವುದಕ್ಕೂ ಪೂರ್ತಿ ಸೇರುವುದಿಲ್ಲವೆಂಬ ಮಾತನ್ನು ನಂಬಬೇಡ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಕನ್ನಡಕ್ಕೆ ಜ್ಞಾನಪೀಠವನ್ನು ತಂದುಕೊಟ್ಟವರಲ್ಲಿ ಇಬ್ಬರೂ ಇದ್ದಾರೆ. ಕೊಂಕಣಿ ಮನೆಮಾತಿನ ಗೋವಿಂದ ಪೈಗಳ ಮಂಜೇಶ್ವರ 1956ರಲ್ಲಿ ಕೇರಳಕ್ಕೆ ಸೇರಿದರೂ, 1963ರಲ್ಲಿ ತೀರಿಕೊಂಡ ಅವರು ಕೊನೆಯವರೆಗೂ ಕನ್ನಡದ ಕವಿಯೇ ಆಗಿದ್ದರು. ಹಾಗಾಗಿ ಮನೆಯಲ್ಲಿ ಪುಟ್ಟಿಯೊಡನೆ ಕನ್ನಡದಲ್ಲಿಯೇ ಮಾತನಾಡು, ಕನ್ನಡ ಓದಲು ಬರೆಯಲು ಕಲಿಸು. ಈ ವಿಷಯದಲ್ಲಿ ನಾನು ಸಡಿಲ ಬಿಡಲಾರೆ.

ಆದರೆ ನಿನ್ನ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಹೇಳಲೇಬೇಕು. ಗಡಿಯ ಹಳ್ಳಿಗಳ ಹಳಬರಿಗೆ ನಿಮ್ಮ ಕಷ್ಟ ಬಂದದ್ದಿಲ್ಲ; ಹೆಣ್ಣು ಕೊಟ್ಟು ತಂದು, ಸಂತೆಗೆ ಹೋಗಿ ಬಂದು, ಅವರಿಗೆ ಎರಡೂ ಕಡೆ ನೆಂಟರಿದ್ದಾರೆ. ಬಡಾವಣೆಯವರು ಬಂದದ್ದು ನಿವೇಶನದ ಬೆಲೆ ನೋಡಿ, ಕಚೇರಿಯ ದೂರ ಲೆಕ್ಕ ಹಾಕಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳಗ್ಗೆ ಏಳಕ್ಕೆ ಹೊರಟು ರಾತ್ರಿ ಮಲಗಲು ಮಾತ್ರ ಬರುವ ಜಾಗವನ್ನು ಮಗು ಊರೆಂದು ಹೇಗೆ ಕರೆದೀತು? ನಿನ್ನ ಮತ ಇನ್ನೂ ಬೆಂಗಳೂರಿನ ಪಟ್ಟಿಯಲ್ಲಿದೆ. ನಿನ್ನ ಕಾರಿನ ಸಂಖ್ಯೆ ಕೆಎ 51ರಿಂದಲೇ ಶುರುವಾಗುತ್ತದೆ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟರೆ ಅಲ್ಲಿ ಮರುನೋಂದಣಿ ಮಾಡಿಸಬೇಕೆಂಬುದು ನಿನಗೂ ಗೊತ್ತು. 2019ರಿಂದ ಹೊಸೂರು ಮಹಾನಗರ ಪಾಲಿಕೆ. ನಿಮ್ಮ ವಾರ್ಡಿನ ಸದಸ್ಯರು ಯಾರೆಂದು ಕಳೆದ ಸಲ ಕೇಳಿದಾಗ ನಿನ್ನಲ್ಲಿ ಉತ್ತರವಿರಲಿಲ್ಲ. ಮತದಾರರ ಪಟ್ಟಿಗೆ ಹೆಸರನ್ನು ಅಲ್ಲಿಯೇ ಸೇರಿಸು. ಕಾಯಂ ವಾಸ ಎಲ್ಲಿದೆಯೋ ಅಲ್ಲಿ ಮತ ಹಾಕುವುದರಿಂದ ಕನ್ನಡತನಕ್ಕೆ ಕುಂದು ಬರುವುದಿಲ್ಲ.

ಇನ್ನೊಂದು ವಿಷಯ. ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಕೊಳಚೆಯನ್ನು ಹೊತ್ತುಕೊಂಡು ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಬಂದು ಸೇರುತ್ತದೆ. ಅಲ್ಲಿ ನೊರೆ ಎದ್ದಾಗ ಮೂಗು ಮುಚ್ಚಿಕೊಳ್ಳುವ ರೈತನಿಗೂ, ನೊರೆಗೆ ಕಾರಣವಾದ ನಗರದಲ್ಲಿ ಸಂಬಳ ಪಡೆಯುವ ನಿನಗೂ ಒಂದೇ ನದಿ. ಎರಡೂ ಊರನ್ನು ಬಲ್ಲ ನಿನ್ನಂಥವರು ಈ ಮಾತನ್ನು ಎರಡೂ ಕಡೆ ಆಡದಿದ್ದರೆ ಇನ್ನಾರು ಆಡಬೇಕು?

ಕಾವೇರಿಯ ಗಲಾಟೆಯ ದಿನಗಳನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. 1991ರಲ್ಲಿ ಬೆಂಗಳೂರಿನಲ್ಲಿ ತಮಿಳರು ಮನೆ ಬಿಟ್ಟು ಓಡಿದರು. 2016ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಗಡಿಯಲ್ಲಿಯೇ ನಿಂತು, ಜನ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಗಂಟುಮೂಟೆ ಹೊತ್ತು ನಡೆದೇ ಗಡಿ ದಾಟಿದರು. ಅಂಥ ದಿನ ಮತ್ತೆ ಬಂದರೆ ನಿನ್ನ ಕಚೇರಿಯಲ್ಲಿ ತಮಿಳರ ಬಗ್ಗೆಯೂ, ನಿನ್ನ ಬೀದಿಯಲ್ಲಿ ಕನ್ನಡಿಗರ ಬಗ್ಗೆಯೂ ಕೆಟ್ಟ ಮಾತು ಕೇಳಿಬರುತ್ತದೆ. ಎರಡೂ ಕಡೆ ತಲೆಯಾಡಿಸಿ ಬದುಕುವುದು ಸುಲಭ. ಹಾಗೆ ಮಾಡಬೇಡ. ಪಕ್ಕದ ಮನೆಯವರ ಹೆಸರು ಹೇಳಿ, ಅವರು ಹೀಗೆ, ಅವರು ನನಗೆ ಇಂಥ ಸಹಾಯ ಮಾಡಿದರು ಎಂದು ಮೆಲ್ಲಗೆ ಹೇಳು. ಅಷ್ಟನ್ನು ಹೇಳಬೇಕಾದರೂ ಮೊದಲು ಪಕ್ಕದ ಮನೆಯವರ ಪರಿಚಯವಿರಬೇಕು.

ಪುಟ್ಟಿಯ ಓದಿನ ಬಗ್ಗೆ ಈಗಲೇ ಯೋಚಿಸು. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮದಂತೆ ಇಲ್ಲಿ ಕನಿಷ್ಠ 7 ವರ್ಷ ಓದಿರಬೇಕು; ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆ ನಿಯಮಗಳಿವೆ. ಅವನ್ನು ವಿಚಾರಿಸಿ, ಬೇಕಾದ ದಾಖಲೆಗಳನ್ನು ಮೊದಲಿನಿಂದಲೇ ಜೋಡಿಸಿಡು. ತಮಿಳುನಾಡಿನ ಶಾಲೆಯಲ್ಲಿ 2006ರ ಕಾಯಿದೆಯಂತೆ ತಮಿಳು ಕಲಿಯಬೇಕಾದೀತೆಂದು ನೀನು ಅಳುಕುತ್ತಿದ್ದೀಯೆ. ನಮ್ಮಲ್ಲಿಯೂ 2015ರ ಕಾಯಿದೆ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದೆ. ಬೆಂಗಳೂರಿನಲ್ಲಿ ನೆಲೆಸಿದ ತಮಿಳು ಮಗು ಕನ್ನಡ ಕಲಿಯಲಿ ಎನ್ನುವ ನಾವು ಹೊಸೂರಿನಲ್ಲಿ ಬೇರೆ ನ್ಯಾಯ ಕೇಳಬಾರದು. ಅವಳು ಚೆನ್ನಾಗಿ ಕಲಿಯಲಿ. ಯಾರಾದರೂ ಊರು ಕೇಳಿದರೆ ‘ನಮ್ಮದು ಹೊಸೂರು, ಮನೆಮಾತು ಕನ್ನಡ’ ಎಂದು ಹೇಳಲು ಅಭ್ಯಾಸ ಮಾಡಿಸು. ಎರಡನ್ನೂ ಒಟ್ಟಿಗೆ ಹೇಳಲಿ. ಒಂದನ್ನು ಬಿಡೆಂದು ಯಾವ ಮೇಷ್ಟರೂ ಅವಳನ್ನು ಗದರಿಸದಿರಲಿ.

ಗಡಿಯ ಬಳಿಯೇ ಇಷ್ಟು ವರ್ಷ ಬಾಳಿದರೂ ನನಗೆ ತಮಿಳು ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಬಸ್ಸಿನ ಬೋರ್ಡನ್ನು ಈಗಲೂ ಬೇರೆಯವರಿಂದ ಓದಿಸಿಕೊಳ್ಳುತ್ತೇನೆ. ಮುಂದಿನ ತಿಂಗಳು ಬಂದಾಗ ನಾಲ್ಕು ದಿನ ಇರುತ್ತೇನೆ. ಪುಟ್ಟಿಯ ತಮಿಳು ಪಠ್ಯಪುಸ್ತಕವನ್ನು ತೆಗೆದಿಟ್ಟಿರು, ಅವಳ ಪಕ್ಕದಲ್ಲಿ ಕುಳಿತು ನಾನೂ ಅಕ್ಷರ ತಿದ್ದುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ