ನಾಮಪತ್ರ: ಪಕ್ಷದ ಎಲ್ಲ ಕಾರ್ಯಕರ್ತರ ಗಮನಕ್ಕೆ

ಹಾಸನ ಜಿಲ್ಲೆಯ ಸದಸ್ಯರೇ, ನಮ್ಮದು ನೋಂದಣಿಯಾದ ಆದರೆ ಮಾನ್ಯತೆ ಇಲ್ಲದ ಪಕ್ಷ. ಮಾನ್ಯತೆ ಇರುವ ದೊಡ್ಡ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಸಾಕು, ನಮಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬೇಲೂರಿನ ನಾಮಪತ್ರಕ್ಕೆ ಅರಸೀಕೆರೆಯ ನೆಂಟರು ಸಹಿ ಹಾಕಿದರೆ ಅದು ಲೆಕ್ಕಕ್ಕಿಲ್ಲ, ಒಂಬತ್ತಾದರೆ ನಾಮಪತ್ರವೇ ತಿರಸ್ಕೃತ. ನಮ್ಮಂಥವರು ಎಡವುವುದು ಹೆಚ್ಚಾಗಿ ಇಲ್ಲೇ.

ಸೂಚಕರ ಭಾಗದ ಸಂಖ್ಯೆ, ಕ್ರಮಸಂಖ್ಯೆಯನ್ನು ಈಗಿನ ಮತದಾರರ ಪಟ್ಟಿ ನೋಡಿಯೇ ಬರೆಯಿರಿ, ಹಳೆಯ ಚೀಟಿ ನಂಬಬೇಡಿ. ಹೆಬ್ಬೆಟ್ಟು ಒತ್ತುವವರನ್ನು ಚುನಾವಣಾಧಿಕಾರಿಯ ಮುಂದೆಯೇ ಕರೆತನ್ನಿ, ಮನೆಯಲ್ಲಿ ಒತ್ತಿಸಿ ತಂದದ್ದು ನಡೆಯುವುದಿಲ್ಲ. ಒಬ್ಬ ಅಭ್ಯರ್ಥಿ ನಾಲ್ಕು ಸೆಟ್‌ವರೆಗೆ ನಾಮಪತ್ರ ಸಲ್ಲಿಸಬಹುದು, ಠೇವಣಿ ಒಂದೇ. ಹಾಗಾಗಿ ಬೇರೆ ಹತ್ತು ಸೂಚಕರ ಎರಡನೇ ಸೆಟ್ ಖಂಡಿತ ಇರಲಿ.

ವಿಧಾನಸಭೆಗೆ ಠೇವಣಿ ₹10,000. ಪರಿಶಿಷ್ಟ ಜಾತಿ, ಪಂಗಡದವರಿಗೆ ₹5,000. ಸಕಲೇಶಪುರ ಮೀಸಲು ಕ್ಷೇತ್ರ, ಅಲ್ಲಿ ಜಾತಿ ಪ್ರಮಾಣಪತ್ರ ಜೊತೆಗಿಡಿ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರಷ್ಟೇ ಸೋತವರಿಗೆ ಠೇವಣಿ ವಾಪಸ್: 1,50,000 ಮತ ಬಿದ್ದರೆ 25,000 ದಾಟಬೇಕು.

ಚುನಾವಣಾ ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರದ ಹಿಂದಿನ ದಿನದೊಳಗೆ ತೆರೆಯಿರಿ. ಫಾರಂ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡದೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ತುಂಬಿ. ಇವರೇ ಪಕ್ಷದ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ, ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ತಲುಪಲೇಬೇಕು, ಅಧ್ಯಕ್ಷರ ಸಹಿ ಶಾಯಿಯಲ್ಲೇ ಇರಬೇಕು. ಜೆರಾಕ್ಸ್ ತಂದರೆ ನಮ್ಮವರು ಪಕ್ಷೇತರರ ಸಾಲಿಗೆ ಹೋಗುತ್ತಾರೆ. 1962ರಲ್ಲಿ ದೇವೇಗೌಡರು ಹೊಳೆನರಸೀಪುರದಿಂದ ಪಕ್ಷೇತರರಾಗಿಯೇ ಗೆದ್ದರು ನಿಜ, ಆದರೆ ನಮಗೆ ಪಕ್ಷದ ಹೆಸರು ಅಭ್ಯರ್ಥಿಗಳ ಅಂತಿಮ ಪಟ್ಟಿಯಲ್ಲಿ ಬರಬೇಕು.

ಸೂಚಕರ ಪಟ್ಟಿಯನ್ನು ತಾಲ್ಲೂಕುವಾರು ಇಲ್ಲೇ ಹಾಕಿ.