ಗಾಯದ ಕಣ್ಣಿಗೆ ಮೊದಲು ಬೀಳುವ ಹನಿ

ಮಾನ್ಯ ಸಂಪಾದಕರೇ,

ಕಬ್ಬು ಕಡಿಯುವಾಗ ನಮ್ಮಪ್ಪನ ಬಲಗಣ್ಣಿಗೆ ಗರಿ ಹೊಡೆಯಿತು. ಕೆಲಸ ಬಿಟ್ಟು ಪೇಟೆಗೆ ಹೋಗೋದು ಯಾಕೆ ಅಂತ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಡ್ರಾಪ್ಸ್ ತಂದರು. ಎರಡೇ ದಿನಕ್ಕೆ ಕೆಂಪು ಇಳಿಯಿತು, ಉರಿಯೂ ಕಮ್ಮಿಯಾಯಿತು. ವಾರ ಕಳೆಯುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ‘ಹೂ ಬಿದ್ದಿದೆ’ ಅಂದರು ಅಜ್ಜಿ.

ಕಣ್ಣಿನ ಡಾಕ್ಟರು ಮೊದಲು ಕೇಳಿದ್ದೇ ಆ ಡ್ರಾಪ್ಸ್ ಬಾಟಲಿಯನ್ನು. ಅದರಲ್ಲಿ ಆ್ಯಂಟಿಬಯಾಟಿಕ್ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡಿನಿಂದ ಕೆಂಪು ಇಳಿಯುವುದು ನಿಜ. ಆದರೆ ಗರಿ, ಹುಲ್ಲು, ಮಣ್ಣು ತಾಗಿದ ಗಾಯದಲ್ಲಿ ಬೂಷ್ಟು, ಅಂದರೆ ಫಂಗಸ್, ಸೇರಿರಬಹುದು. ಸ್ಟೀರಾಯ್ಡ್ ಅದರ ವಿರುದ್ಧ ದೇಹ ಹೋರಾಡುವುದನ್ನೇ ತಡೆಯುತ್ತದೆ. ನೋವು ಇಲ್ಲ ಅಂತ ನಾವು ಸುಮ್ನಿರುತ್ತೇವೆ, ಹುಣ್ಣು ಆಳಕ್ಕೆ ಇಳಿಯುತ್ತಿರುತ್ತದೆ.

ಹುಣ್ಣನ್ನು ಸ್ವಲ್ಪ ಕೆರೆದು, ಸ್ಲೈಡಿನ ಮೇಲೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕೆಲವೇ ನಿಮಿಷದಲ್ಲಿ ಅದು ಬೂಷ್ಟು ಅಂತ ಗೊತ್ತಾಯಿತು. ಬೂಷ್ಟು ಕೊಲ್ಲುವ ಶೇ 5ರ ನಾಟಮೈಸಿನ್ ಡ್ರಾಪ್ಸ್ ಬರೆದುಕೊಟ್ಟರು. ಮೊದಮೊದಲು ಗಂಟೆಗೊಂದು ಹನಿ, ರಾತ್ರಿಯೂ. ಅದರ ಮದ್ದು ಬಾಟಲಿಯ ತಳದಲ್ಲಿ ಕೂತುಬಿಡುತ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕದಿದ್ದರೆ ಕಣ್ಣಿಗೆ ಬೀಳುವುದು ಬರೀ ತಿಳಿ. ಇದು ಹಳೆಯ ಔಷಧ. ಆದರೂ ತಮಿಳುನಾಡು, ಪುದುಚೇರಿಯ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾದ ವೊರಿಕೊನಜೋಲ್ ಡ್ರಾಪ್ಸ್‌ಗಿಂತ ಇದೇ ಮೇಲು ಅಂತ ಕಂಡುಬಂತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮಗೆ ಮಾತ್ರ ಆ ಒಂದು ಬಾಟಲಿ ಸಿಗಲು ಮೂರು ಅಂಗಡಿ ಸುತ್ತಬೇಕಾಯಿತು.

ಅಪ್ಪನ ಕಣ್ಣುಗುಡ್ಡೆ ಉಳಿಯಿತು. ಆದರೆ ಆ ಕಣ್ಣಿಗೆ ಈಗ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಔಷಧ ನಿಯಂತ್ರಣ ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಸ್ಟೀರಾಯ್ಡ್ ಇರುವ ಕಣ್ಣಿನ ಡ್ರಾಪ್ಸನ್ನು ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ಹಳ್ಳಿ ಅಂಗಡಿಗಳ ಮೇಲೂ ಕಣ್ಣಿಡಿ. ನಿಯಮವಂತೂ ಇದ್ದೇ ಇದೆ, ಅಲ್ವಾ? ತಾಲ್ಲೂಕು ಆಸ್ಪತ್ರೆಗಳಲ್ಲಿ ನಾಟಮೈಸಿನ್ ಸದಾ ಇರಲಿ.

ಇನ್ನೊಂದು ಮಾತು. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರು ಕಣ್ಣಿಗೆ ಗಾಯವಾದವರನ್ನು ಗುರುತಿಸಿ ಹತ್ತಿರದ ಕಣ್ಣಿನ ಕೇಂದ್ರಕ್ಕೆ ಕಳಿಸುತ್ತಿದ್ದರು, ಅಲ್ಲಿ ಗೀರು ಗಾಯಕ್ಕೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಕೊಡುತ್ತಿದ್ದರು. ಗಾಯವಾಗಿ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ ಅಂತ 2001ರ ವರದಿ ಹೇಳುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರಿಗೂ ಇಂಥ ತರಬೇತಿ ಕೊಡಲು ಸಾಧ್ಯವೇ ಅಂತ ಆರೋಗ್ಯ ಇಲಾಖೆ ನೋಡಲಿ. ಮುಂದಿನ ಕಟಾವಿಗೆ ಮೊದಲೇ ನೋಡಲಿ.

ಇತಿ,
ಒಬ್ಬ ರೈತನ ಮಗಳು
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ