ಪೇಟೆಯ ಬೀದಿಗಳೂ ಪರಂಪರೆಯೇ

ಮಾನ್ಯರೇ,

ಬೆಂಗಳೂರಿನ ಹಳೆ ಪೇಟೆಯ ಬಗ್ಗೆ ಚರ್ಚೆ ಬಂದಾಗಲೆಲ್ಲ ಮಾತು ಕಿರಿದಾದ ರಸ್ತೆ, ಸರಕು ವಾಹನ, ನಿಲುಗಡೆಯ ತೊಂದರೆಗಳಲ್ಲೇ ಮುಗಿದುಹೋಗುತ್ತದೆ. ಆ ತೊಂದರೆಗಳು ನಿಜವೇ. ಆದರೆ ಈ ನಗರ ಬೆಳೆದದ್ದೇ ಆ ಕಿರಿದಾದ ಬೀದಿಗಳಿಂದ ಎಂಬುದನ್ನು ಮರೆತು ರೂಪಿಸುವ ಯಾವ ಯೋಜನೆಯೂ ಪೇಟೆಗೆ ನ್ಯಾಯ ಒದಗಿಸಲಾರದು.

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಪೇಟೆಯನ್ನು ನೆಲೆಗೊಳಿಸಿದಾಗ ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ ಎಂಬ ಎರಡು ಮುಖ್ಯ ಬೀದಿಗಳು ರೂಪುಗೊಂಡವು. ಇವೆರಡೂ ಕೂಡುವ ಚೌಕದಿಂದಲೇ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೂ ಉಳುಮೆ ಹೊರಡಿಸಿದರೆಂಬ ಐತಿಹ್ಯವಿದೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆಗಳು ಒಂದೊಂದು ಕಸುಬು ಅಥವಾ ಸಮುದಾಯದ ಸುತ್ತ ಬೆಳೆದವು. ಬಿಜಾಪುರದವರು, ಮರಾಠರು, ಮೊಗಲರು, ಮೈಸೂರಿನ ಅರಸರು ಎಂದು ಆಳುವವರು ಬದಲಾಗುತ್ತಲೇ ಹೋದರೂ, 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲಿನಿಂದ ನುಗ್ಗಿ ಪೇಟೆಯನ್ನು ವಶಪಡಿಸಿಕೊಂಡರೂ ಬೀದಿಗಳ ಆ ವಿನ್ಯಾಸ ಅಳಿಯಲಿಲ್ಲ. ಇಂದಿಗೂ ಚಿಕ್ಕಪೇಟೆಗೆ ಜನ ಮದುವೆಯ ರೇಷ್ಮೆ ಸೀರೆಗೆ ಬರುತ್ತಾರೆ, ಬಳೇಪೇಟೆಗೆ ಸಂಗೀತ ವಾದ್ಯಗಳಿಗೆ ಬರುತ್ತಾರೆ, ಅವೆನ್ಯೂ ರಸ್ತೆಗೆ ವಿದ್ಯಾರ್ಥಿಗಳು ಹಳೆಯ ಪಠ್ಯಪುಸ್ತಕ ಹುಡುಕಿಕೊಂಡು ಬರುತ್ತಾರೆ.

ಈ ಬೀದಿಗಳ ಅಗಲಕ್ಕೂ ಇಲ್ಲಿನ ಸಂಸ್ಕೃತಿಗೂ ಇರುವ ನಂಟು ಕರಗದ ರಾತ್ರಿ ಕಣ್ಣಿಗೆ ಕಾಣುತ್ತದೆ. ಚೈತ್ರ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ದ್ರೌಪದಿಯ ಕರಗ, ಕತ್ತಿ ಹಿಡಿದ ವೀರಕುಮಾರರ ನಡುವೆ ಪೇಟೆಯ ಬೀದಿಬೀದಿ ಸುತ್ತಿ, ದಾರಿಯ ದೇವಾಲಯಗಳಲ್ಲಿ ಪೂಜೆ ಸ್ವೀಕರಿಸಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಅಂದು ಮನೆಯ ಹೊಸ್ತಿಲಲ್ಲಿ ನಿಂತವರು ಎರಚುವ ಮಲ್ಲಿಗೆ ಕರಗದ ಮೇಲೇ ಬೀಳುತ್ತದೆ. ಬೀದಿಗೂ ಮನೆಗೂ ಅಷ್ಟು ಹತ್ತಿರವಿದ್ದುದರಿಂದಲೇ ಆ ಉತ್ಸವ ಇಂದಿಗೂ ಊರಿನವರ ಉತ್ಸವವಾಗಿ ಉಳಿದಿದೆ. ತಿಗಳ ಸಮುದಾಯ ತಲೆಮಾರುಗಳಿಂದ ವ್ರತದಂತೆ ನಡೆಸಿಕೊಂಡು ಬಂದ ಈ ಆಚರಣೆಯನ್ನು ಅಗಲಗೊಳಿಸಿದ ರಸ್ತೆಯೊಂದರಲ್ಲಿ ನನಗೆ ಊಹಿಸಿಕೊಳ್ಳಲೂ ಆಗುವುದಿಲ್ಲ.

ಅವೆನ್ಯೂ ರಸ್ತೆಯ ಅಗಲೀಕರಣದ ಪ್ರಸ್ತಾಪ ಹಿಂದೆ ಬಂದಾಗ ಅಲ್ಲಿನ ವರ್ತಕರು ವಿರೋಧಿಸಿದ್ದರು. ಅದನ್ನು ಕೇವಲ ವ್ಯಾಪಾರದ ಹಿತಾಸಕ್ತಿ ಎಂದು ತಳ್ಳಿಹಾಕುವುದು ತಪ್ಪು. ಅಂಗಡಿಯ ಹಿಂದೆ, ಮಹಡಿಯ ಮೇಲೆ, ಓಣಿಯ ಕೊನೆಯ ಸಣ್ಣ ಗುಡಿಯಲ್ಲಿ ಇರುವ ಬದುಕು ರಸ್ತೆಯ ಎರಡೂ ಬದಿ ಕೆಡವಿದರೆ ಮತ್ತೆ ಕೂಡಿಕೊಳ್ಳುವಂಥದ್ದಲ್ಲ. ಈಗ ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಸುರಂಗ ಮಾರ್ಗದ ಮೆಟ್ರೊ ಬಂದಿರುವುದರಿಂದ ನಡೆದು ಹೋಗುವವರಿಗೆ, ತಳ್ಳುಗಾಡಿಯವರಿಗೆ ಮೊದಲ ಸ್ಥಾನ ಕೊಟ್ಟು ಹಗಲಿನಲ್ಲಿ ಭಾರಿ ವಾಹನಗಳನ್ನು ನಿಯಂತ್ರಿಸುವುದು ಹೆಚ್ಚು ಸಾಧ್ಯವಾಗಿದೆ.

ಇನ್ನೊಂದು ಮಾತು. 1791ರಲ್ಲಿ ಬ್ರಿಟಿಷರು ಪೇಟೆಯ ಪಕ್ಕದ ಕಲ್ಲಿನ ಕೋಟೆಯ ಗೋಡೆ ಒಡೆದು ನುಗ್ಗಿದ ಜಾಗವನ್ನು ತೋರಿಸುವ ಶಿಲಾಫಲಕ ಮಾರುಕಟ್ಟೆಯ ಬಳಿ ಇಂದಿಗೂ ಇದೆ. ಗೆದ್ದವರ ಗುರುತು ಹಾಗೆ ಉಳಿದಿರುವಾಗ, ಊರು ಕಟ್ಟಿದವರ ಗುರುತೂ ಕಣ್ಣಿಗೆ ಕಾಣಬೇಕಲ್ಲವೇ? ಹಲಸೂರು, ಯಲಹಂಕ, ಆನೇಕಲ್, ಕೆಂಗೇರಿ ಬಾಗಿಲುಗಳಿದ್ದ ಸ್ಥಳಗಳಲ್ಲೂ ದೊಡ್ಡಪೇಟೆ ಚೌಕದಲ್ಲೂ ಇತಿಹಾಸವನ್ನು ಸ್ಪಷ್ಟ ಕನ್ನಡದಲ್ಲಿ ತಿಳಿಸುವ ಶಾಶ್ವತ ಫಲಕಗಳನ್ನು ನಗರಾಡಳಿತವು ಪುರಾತತ್ವ ಇಲಾಖೆಯೊಂದಿಗೆ ಸೇರಿ ಹಾಕಿಸಬೇಕು. ಪೇಟೆಗೆ ಸಂಬಂಧಿಸಿದ ಮುಂದಿನ ಯಾವುದೇ ಕಾಮಗಾರಿಯ ನಕ್ಷೆ ಅಂತಿಮಗೊಳ್ಳುವ ಮುನ್ನ ವರ್ತಕರು, ನೇಕಾರರು, ಕರಗ ಸಮಿತಿಯವರು ಮತ್ತು ಅಲ್ಲಿನ ನಿವಾಸಿಗಳನ್ನು ಕೂರಿಸಿಕೊಂಡು ಅವರ ಅಹವಾಲು ಕೇಳಬೇಕೆಂದು ಸಂಬಂಧಪಟ್ಟವರನ್ನು ಈ ಮೂಲಕ ಕೋರುತ್ತೇನೆ.

ಇತಿ,
ಓರ್ವ ಓದುಗ, ಬೆಂಗಳೂರು